ಕಥೆಯ ಲೆಕ್ಕ, ಕಾಸಿನ ಲೆಕ್ಕ

2012ರ ಜುಲೈ 15ರಂದು ಅಮೆರಿಕದ ಎಎಂಸಿ ವಾಹಿನಿಯಲ್ಲಿ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ ಐದನೇ ಸೀಸನ್ ಶುರುವಾಯಿತು. ಮೊದಲ ದೃಶ್ಯದಲ್ಲಿ ಗಡ್ಡ ಬಿಟ್ಟು ಸೊರಗಿದ ಕಥಾನಾಯಕ, ಮಾದಕವಸ್ತು ತಯಾರಿಸುವ ವಾಲ್ಟರ್ ವೈಟ್ ಹೋಟೆಲೊಂದರಲ್ಲಿ ಒಬ್ಬನೇ ಕೂತಿದ್ದಾನೆ. ತಟ್ಟೆಯಲ್ಲಿರುವ ಬೇಕನ್ ತುಂಡುಗಳನ್ನು ಮುರಿದು 52 ಎಂಬ ಅಂಕಿ ಜೋಡಿಸುತ್ತಾನೆ. ಅವತ್ತು ಅವನ ಹುಟ್ಟುಹಬ್ಬ. ಶೌಚಾಲಯದಲ್ಲಿ ಕಾಯುತ್ತಿದ್ದವನಿಂದ ಒಂದು ಕಾರಿನ ಕೀ ತೆಗೆದುಕೊಂಡು, ಹೊರಗೆ ಹೋಗಿ ಡಿಕ್ಕಿ ಎತ್ತಿದರೆ ಒಳಗೆ ಎಂ60 ಮೆಷಿನ್‌ಗನ್. ಅಷ್ಟಕ್ಕೇ ದೃಶ್ಯ ಮುಗಿದು ಕಥೆ ಹಿಂದಕ್ಕೆ ಹೋಗುತ್ತದೆ. ಇಷ್ಟು ದೊಡ್ಡ ಬಂದೂಕು ಯಾರಿಗಾಗಿ ಎಂದು ನೋಡುವವರೆಲ್ಲ ತಲೆ ಕೆಡಿಸಿಕೊಂಡರು.

ಬರೆದವರೂ ತಲೆ ಕೆಡಿಸಿಕೊಂಡಿದ್ದರು! ಆ ದೃಶ್ಯ ಬರೆದು, ಚಿತ್ರೀಕರಿಸಿ, ಪ್ರಸಾರಕ್ಕೆ ಕಳಿಸುವ ಹೊತ್ತಿನಲ್ಲಿ ಅದು ಯಾರ ಮೇಲೆ ಹಾರುತ್ತದೆ ಎಂಬುದು ಧಾರಾವಾಹಿಯ ಸೃಷ್ಟಿಕರ್ತ ವಿನ್ಸ್ ಗಿಲ್ಲಿಗನ್‌ಗಾಗಲಿ, ಅವರ ಜೊತೆ ಕೂತು ಬರೆಯುತ್ತಿದ್ದವರಿಗಾಗಲಿ ತೀರ್ಮಾನವಾಗಿರಲಿಲ್ಲ. ಈ ಸಂಕಟವನ್ನು ಗಿಲ್ಲಿಗನ್ ಆಮೇಲೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬಂದೂಕು ತೋರಿಸಿಯಾಗಿದೆ, ಇನ್ನು ಹಾರಿಸದೆ ಗತಿಯಿಲ್ಲ. 2013ರ ಸೆಪ್ಟೆಂಬರ್ 29ರಂದು ಬಂದ ಕೊನೆಯ ಕಂತಿನಲ್ಲಿ ಅದು ಕಾರಿನ ಡಿಕ್ಕಿಯೊಳಗಿಂದಲೇ, ಕೀಲಿಯ ಗುಂಡಿ ಒತ್ತಿದ್ದಕ್ಕೆ, ತನ್ನಷ್ಟಕ್ಕೆ ಹಾರಿತು. ನೋಡಿದವರಿಗೆ ಎಲ್ಲವೂ ಮೊದಲೇ ಹೆಣೆದಿಟ್ಟಂತೆ ಕಂಡಿತು. ಗುರುತು ಪರಿಚಯವಿಲ್ಲದ ದಾರಿಯಲ್ಲಿ ಹೋಗಿಯೂ ಸರಿಯಾದ ಮನೆಯ ಬಾಗಿಲನ್ನೇ ತಟ್ಟುವ ಈ ವಿದ್ಯೆಯನ್ನು ಒಬ್ಬ ಮನುಷ್ಯ ಹೇಗೆ ಕಲಿಯುತ್ತಾನೆ? ನನಗೆ ಧಾರಾವಾಹಿಗಿಂತ ಈ ಪ್ರಶ್ನೆಯೇ ಹೆಚ್ಚು ಕುತೂಹಲದ್ದು.

ಅಮೆರಿಕದ ಧಾರಾವಾಹಿಯ ಟೈಟಲ್ ಕಾರ್ಡಿನಲ್ಲಿ ನಿರ್ಮಾಪಕರೆಂದು ಸಾಲಾಗಿ ಬರುವ ಹೆಸರುಗಳಲ್ಲಿ ಎಷ್ಟೋ ಜನ ಕೈಯಿಂದ ಒಂದು ಕಾಸೂ ಹಾಕಿದವರಲ್ಲ. ದುಡ್ಡು ಸ್ಟುಡಿಯೋದ್ದು ಮತ್ತು ವಾಹಿನಿಯದು. ಇವರು ಬರೆಯುವವರು. ಹೊಸಬ ಮೊದಲು ‘ಸ್ಟಾಫ್ ರೈಟರ್’ ಆಗಿ ಸೇರುತ್ತಾನೆ. ಆಮೇಲೆ ‘ಸ್ಟೋರಿ ಎಡಿಟರ್’, ‘ಎಕ್ಸಿಕ್ಯುಟಿವ್ ಸ್ಟೋರಿ ಎಡಿಟರ್’. ಅಲ್ಲಿಂದ ಮುಂದೆ ಹುದ್ದೆಯ ಹೆಸರೇ ಬದಲಾಗಿ ‘ಕೋ-ಪ್ರೊಡ್ಯೂಸರ್’, ‘ಪ್ರೊಡ್ಯೂಸರ್’, ‘ಸೂಪರ್‌ವೈಸಿಂಗ್ ಪ್ರೊಡ್ಯೂಸರ್’, ‘ಕೋ-ಎಕ್ಸಿಕ್ಯುಟಿವ್ ಪ್ರೊಡ್ಯೂಸರ್’, ಕೊನೆಗೆ ‘ಎಕ್ಸಿಕ್ಯುಟಿವ್ ಪ್ರೊಡ್ಯೂಸರ್’. ಈ ಕೊನೆಯ ಮೆಟ್ಟಿಲಲ್ಲಿ ನಿಂತು ಇಡೀ ಧಾರಾವಾಹಿಯನ್ನು ನಡೆಸುವವರಿಗೆ ಅಲ್ಲಿನ ಬಾಯಿಮಾತಿನಲ್ಲಿ ‘ಷೋರನ್ನರ್’ ಎನ್ನುತ್ತಾರೆ. ಯಕ್ಷಗಾನ ಮೇಳಗಳಲ್ಲಿ ಹಿಂದೆ ಹುಡುಗರು ಕೋಡಂಗಿ ವೇಷದಲ್ಲಿ ಗೆಜ್ಜೆ ಕಟ್ಟಿ, ಬಾಲಗೋಪಾಲರಾಗಿ ಕುಣಿದು, ಒಂದೊಂದೇ ವೇಷ ದಾಟಿ ಮೇಲೆ ಬರುತ್ತಿದ್ದ ಕ್ರಮವನ್ನು ಬಲ್ಲವರಿಗೆ ಇದು ಹೊಸದೆನಿಸಲಿಕ್ಕಿಲ್ಲ. ಅಲ್ಲಿ ಮೆಟ್ಟಿಲು ಇದ್ದದ್ದು ದೊಡ್ಡಸ್ತಿಕೆಗಲ್ಲ. ತನ್ನ ಪಾತ್ರ ಮುಗಿದ ಮೇಲೂ ಬೆಳಗಿನವರೆಗೆ ರಂಗದ ಪಕ್ಕದಲ್ಲಿ ಕೂತು, ಭಾಗವತರು ಎಲ್ಲಿ ಪದ್ಯ ಎಳೆದರು, ಎಲ್ಲಿ ಬಿಟ್ಟರು ಎಂದು ನೋಡುತ್ತಿದ್ದವನಿಗೇ ಮುಂದಿನ ವೇಷ ಸಿಗುತ್ತಿತ್ತು.

ಇಲ್ಲೂ ಹಾಗೆಯೇ. ಸ್ಟಾಫ್ ರೈಟರಿಗಿಂತ ಕೆಳಗೆ, ಹೆಸರು ಯಾರ ಕಣ್ಣಿಗೂ ಬೀಳದ ಕೆಲಸಗಳಿವೆ. ಬರಹಗಾರರ ಆಫೀಸಿಗೆ ಕಾಫಿ, ಊಟ ತರುವ ಹುಡುಗ ಒಬ್ಬ. ಕೋಣೆಯಲ್ಲಿ ಯಾರು ಏನೇ ಹೇಳಲಿ, ಒಳ್ಳೆಯದು ಕೆಟ್ಟದ್ದು ಎನ್ನದೆ ಟೈಪಿಸುತ್ತ ಹೋಗುವ ಸಹಾಯಕ ಇನ್ನೊಬ್ಬ. ‘ಬ್ರೇಕಿಂಗ್ ಬ್ಯಾಡ್’ ಆಫೀಸಿನಲ್ಲಿ ಗಾರ್ಡನ್ ಸ್ಮಿತ್ ಶುರುಮಾಡಿದ್ದು ಇಂಥ ಓಡಾಟದ ಕೆಲಸದಿಂದ. ಸಹಾಯಕನಾಗಿ ಕೂತು ಕೇಳುತ್ತ ಕೇಳುತ್ತ, ಅದರ ಕವಲಾಗಿ ಹುಟ್ಟಿದ ‘ಬೆಟರ್ ಕಾಲ್ ಸಾಲ್’ಗೆ ಸ್ಟಾಫ್ ರೈಟರ್ ಆದರು. 2015ರಲ್ಲಿ ಅವರು ಬರೆದ ‘ಫೈವ್-ಒ’ ಎಂಬ ಕಂತು ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನವಾಯಿತು. ಜೆನಿಫರ್ ಹಚಿಸನ್ ಕೂಡ ಸಹಾಯಕಿಯ ಕುರ್ಚಿಯಿಂದಲೇ ಎದ್ದು ಬಂದವರು. ‘ಬ್ರೇಕಿಂಗ್ ಬ್ಯಾಡ್’ ಮೂರನೇ ಸೀಸನ್ನಿನಲ್ಲಿ ಅವರಿಗೆ ಬರೆಯುವ ಅವಕಾಶ ಸಿಕ್ಕಿತು. ಹೊರಗಿನಿಂದ ದೊಡ್ಡ ಹೆಸರು ತರಿಸುವ ಬದಲು ಮನೆಯೊಳಗಿನವರನ್ನೇ ಬೆಳೆಸಿದ್ದು ಗಿಲ್ಲಿಗನ್ ಮಾಡಿದ ಬಹು ದೊಡ್ಡ ಕೆಲಸ ಎಂದು ನಾನು ತಿಳಿದಿದ್ದೇನೆ.

ಈಗ ಆ ಕೋಣೆಯೊಳಗೆ ಹೋಗೋಣ. ಚಿತ್ರೀಕರಣ ನಡೆಯುತ್ತಿದ್ದದ್ದು ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ. ಬರೆಯುತ್ತಿದ್ದದ್ದು ಅಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆ, ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿನಲ್ಲಿ. ಒಂದು ಉದ್ದ ಮೇಜು, ಸುತ್ತ ಆರೇಳು ಜನ. ಗೋಡೆಯ ಮೇಲೆ ದೊಡ್ಡ ಕಾರ್ಕ್ ಹಲಗೆ. ಹಲಗೆಯನ್ನು ಐದು ಕಾಲಂ ಮಾಡಿರುತ್ತಾರೆ: ಟೈಟಲಿಗೆ ಮೊದಲು ಬರುವ ‘ಟೀಸರ್’, ಆಮೇಲೆ ಜಾಹೀರಾತುಗಳ ನಡುವೆ ಬರುವ ನಾಲ್ಕು ಅಂಕಗಳು. ಒಂದೊಂದು ಘಟನೆಯನ್ನು ಒಂದೊಂದು ಕಾರ್ಡಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆದು ಪಿನ್ ಚುಚ್ಚುತ್ತಾರೆ. ಒಂದು ಕಾರ್ಡಿನಲ್ಲಿ ಹಿಡಿಸುವುದು ನಾಲ್ಕಾರು ಪದ. ‘ವಾಲ್ಟ್ ಸುಳ್ಳು ಹೇಳುತ್ತಾನೆ’, ‘ಸ್ಕೈಲರ್ ನಂಬುವುದಿಲ್ಲ’ ಎಂಬಷ್ಟು. ಸಂಭಾಷಣೆಯ ಗೊಡವೆ ಇನ್ನೂ ಇಲ್ಲ.

ಈ ಕಾರ್ಡುಗಳು ಸುಮ್ಮನೆ ಹಲಗೆ ಏರುವುದಿಲ್ಲ. ಕಂತೊಂದನ್ನು ಹೀಗೆ ಒಡೆದು ಜೋಡಿಸುವುದಕ್ಕೇ ವಾರಗಳು ಹಿಡಿಯುತ್ತಿದ್ದವು. ಅದರಲ್ಲಿ ಬಹುಪಾಲು ಹೊತ್ತು ಒಂದೇ ಪ್ರಶ್ನೆಯ ಸುತ್ತ ಸುತ್ತುವುದು: ಈ ಗಳಿಗೆಯಲ್ಲಿ ಇವನ ತಲೆಯಲ್ಲಿ ಏನು ಓಡುತ್ತಿದೆ? ಏನು ನಡೆದರೆ ಚೆನ್ನ ಎಂದು ಕೇಳಿದರೆ ಹತ್ತು ನಿಮಿಷಕ್ಕೆ ಹತ್ತು ಉತ್ತರ ಬರುತ್ತವೆ, ಹತ್ತೂ ಬೇರೆ ಧಾರಾವಾಹಿಗಳಲ್ಲಿ ನೋಡಿದವೇ ಆಗಿರುತ್ತವೆ. ಈ ಮನುಷ್ಯನಿಗೆ ಏನು ಬೇಕು, ಯಾವುದಕ್ಕೆ ಅಂಜುತ್ತಾನೆ, ನಿನ್ನೆಯ ಸುಳ್ಳು ಅವನಿಗೆ ಎಷ್ಟು ನೆನಪಿದೆ ಎಂದು ಕೇಳತೊಡಗಿದರೆ ಉತ್ತರಗಳು ಕಡಿಮೆಯಾಗುತ್ತ ಹೋಗಿ ಕೊನೆಗೆ ಒಂದೇ ಉಳಿಯುತ್ತದೆ. ಆ ಒಂದು ಹಲಗೆಗೆ ಏರುತ್ತದೆ. ಮಧ್ಯಾಹ್ನ ಏರಿದ ಕಾರ್ಡು ಸಂಜೆಗೆ ಕೆಳಗಿಳಿಯುವುದೂ ಉಂಟು. ಆಗ ಅದರ ಬಲಕ್ಕಿರುವ ಕಾರ್ಡುಗಳೆಲ್ಲ ಬಿದ್ದ ಹಾಗೆಯೇ. ಕೋಣೆಯಲ್ಲಿ ಕೂತವನಿಗೆ ಇರಬೇಕಾದ ಮೊದಲ ಗುಣ ಪ್ರತಿಭೆಯಲ್ಲ, ತನ್ನ ಕಾರ್ಡು ಕೆಳಗಿಳಿದಾಗ ಮುಖ ಸಣ್ಣದು ಮಾಡಿಕೊಳ್ಳದ ಗುಣ.

ಎರಡನೇ ಸೀಸನ್ನನ್ನು ಇವರು ಶುರುವಿನಿಂದ ಕೊನೆಯವರೆಗೆ ಮೊದಲೇ ಗಟ್ಟಿಮಾಡಿಕೊಂಡು ಬರೆದಿದ್ದರು. ಈಜುಕೊಳದಲ್ಲಿ ತೇಲುವ, ಅರ್ಧ ಸುಟ್ಟ ಗುಲಾಬಿ ಬಣ್ಣದ ಗೊಂಬೆ ಕರಡಿಯಿಂದ ಆ ಸೀಸನ್ ತೆರೆದುಕೊಳ್ಳುತ್ತದೆ. ಅದು ಎಲ್ಲಿಂದ ಬಿತ್ತು ಎಂಬುದು ತಿಳಿಯುವುದು ಹದಿಮೂರನೇ ಕಂತಿನಲ್ಲಿ, ನೆತ್ತಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾದಾಗ. ಆ ಸೀಸನ್ನಿನಲ್ಲಿ ಅಲ್ಲಲ್ಲಿ ಬರುವ ನಾಲ್ಕು ಕಂತುಗಳ ಹೆಸರುಗಳನ್ನು ಒಟ್ಟಿಗೆ ಓದಿದರೆ ‘ಆಲ್ಬುಕರ್ಕಿಯ ಮೇಲೆ 737 ಬಿತ್ತು’ ಎಂಬ ವಾಕ್ಯವಾಗುತ್ತದೆ. ಜಾಣತನ ಹೌದು. ಆದರೆ ಹಾಗೆ ಬಿಗಿಯಾಗಿ ಕಟ್ಟಿ ಬರೆಯುವುದು ಎಷ್ಟು ಸುಸ್ತು ಹೊಡೆಸಿತೆಂದರೆ ಮತ್ತೆ ಆ ದಾರಿ ಹಿಡಿಯಲಿಲ್ಲ. ಐದನೇ ಸೀಸನ್ನಿಗೆ ಬರುವಷ್ಟರಲ್ಲಿ ಬಂದೂಕನ್ನು ಮೊದಲು ತೋರಿಸಿ ಗುರಿಯನ್ನು ಆಮೇಲೆ ಹುಡುಕುವ ಧೈರ್ಯ ಬಂದಿತ್ತು. ನನ್ನ ಮತ ಕೇಳಿದರೆ ಈ ಬಂದೂಕಿನ ದಾರಿಯೇ ಮೇಲು. ವಿಮಾನದ ಡಿಕ್ಕಿಯಲ್ಲಿ ಬರೆದವರ ಕೈ ಕಾಣುತ್ತದೆ, ಬಂದೂಕಿನಲ್ಲಿ ವಾಲ್ಟರ್ ವೈಟ್ ಮಾತ್ರ ಕಾಣುತ್ತಾನೆ.

ಹಲಗೆ ತುಂಬಿದ ಮೇಲೆ ಕಂತನ್ನು ಒಬ್ಬರ ಹೆಸರಿಗೆ ಬರೆದುಕೊಡುತ್ತಾರೆ. ಅವರು ಕಾರ್ಡುಗಳ ನಕಲು ಹಿಡಿದು ಮನೆಗೆ ಹೋಗಿ, ಮೊದಲು ಹತ್ತಾರು ಪುಟದ ಸಾರಾಂಶ, ಆಮೇಲೆ ಐವತ್ತು ಪುಟದ ಆಸುಪಾಸಿನ ಚಿತ್ರಕಥೆ ಬರೆಯುತ್ತಾರೆ. ಪುಟಕ್ಕೊಂದು ನಿಮಿಷ ಎಂಬುದು ಅಲ್ಲಿನ ಲೆಕ್ಕ. ಷೋರನ್ನರ್ ಅದನ್ನು ತಿದ್ದುತ್ತಾರೆ, ಸ್ಟುಡಿಯೋ ಟಿಪ್ಪಣಿ ಕಳಿಸುತ್ತದೆ, ವಾಹಿನಿ ಕಳಿಸುತ್ತದೆ, ಮತ್ತೆ ತಿದ್ದುತ್ತಾರೆ. ಚಿತ್ರೀಕರಣದ ಪ್ರತಿ ಒಮ್ಮೆ ಹೊರಬಿದ್ದ ಮೇಲೆ ಆಗುವ ಬದಲಾವಣೆಗಳಿಗೆ ಒಂದು ಸೊಗಸಾದ ಪದ್ಧತಿಯಿದೆ. ಮೊದಲ ಪ್ರತಿ ಬಿಳಿ ಹಾಳೆ. ಮೊದಲ ತಿದ್ದುಪಡಿ ನೀಲಿ ಹಾಳೆಯಲ್ಲಿ, ಎರಡನೆಯದು ಗುಲಾಬಿ, ಮೂರನೆಯದು ಹಳದಿ, ಆಮೇಲೆ ಹಸಿರು. ಬದಲಾದ ಪುಟಗಳನ್ನು ಮಾತ್ರ ಆ ಬಣ್ಣದಲ್ಲಿ ಅಚ್ಚುಹಾಕಿ ಹಂಚುತ್ತಾರೆ. ಹಳೆಯ ಪುಟ ಕಿತ್ತು ಹೊಸದನ್ನು ಸೇರಿಸಿಕೊಳ್ಳಬೇಕು. ಲೈಟ್‌ಬಾಯ್ ಕೈಯಲ್ಲಿರುವ ಪ್ರತಿಯೂ ನಾಯಕನ ಕೈಯಲ್ಲಿರುವ ಪ್ರತಿಯೂ ಒಂದೇ ಎಂದು ದೂರದಿಂದ ಬಣ್ಣ ನೋಡಿಯೇ ಹೇಳಬಹುದು. ಇದನ್ನೆಲ್ಲ ಸಂಭಾಳಿಸುವುದು ‘ಸ್ಕ್ರಿಪ್ಟ್ ಕೋಆರ್ಡಿನೇಟರ್’. ಎಷ್ಟೋ ಬರಹಗಾರರು ಈ ಕುರ್ಚಿಯಲ್ಲಿ ಕೂತು ಬಂದವರು. ಒಂದು ಸಾಲು ಬದಲಾಯಿಸಿದರೆ ಎಷ್ಟು ಜನರ ಕೆಲಸ ಬದಲಾಗುತ್ತದೆ ಎಂಬುದು ಬಣ್ಣದ ಹಾಳೆಗಳನ್ನು ಎಣಿಸಿ ಹಂಚಿದವರಿಗೆ ಗೊತ್ತಾದಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ.

ಬರೆದವರ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ ಎಂಬುದೇ ಈ ಕಸುಬಿನ ಜೀವಾಳ. ಕಂತು ಬರೆದವರು ಚಿತ್ರೀಕರಣದ ಜಾಗಕ್ಕೆ ಹೋಗಬೇಕು. ನಿರ್ದೇಶಕರು, ಷೋರನ್ನರ್, ಬರೆದವರು ಕೂತು ಚಿತ್ರಕಥೆಯನ್ನು ದೃಶ್ಯ ದೃಶ್ಯವಾಗಿ ಓದುವ ‘ಟೋನ್ ಮೀಟಿಂಗ್’ ಒಂದಿರುತ್ತದೆ. ಈ ನಗು ಎಷ್ಟು, ಈ ಮೌನ ಎಷ್ಟು ಹೊತ್ತು, ಇವಳಿಗೆ ಆಗಲೇ ಅನುಮಾನ ಬಂದಿದೆಯೋ ಇಲ್ಲವೋ ಎಂಬುದೆಲ್ಲ ಅಲ್ಲಿ ಇತ್ಯರ್ಥ. ‘ಬ್ರೇಕಿಂಗ್ ಬ್ಯಾಡ್’ ಕಂತೊಂದಕ್ಕೆ ಚಿತ್ರೀಕರಣ ಸುಮಾರು ಎಂಟು ದಿನ. ನಿರ್ದೇಶಕರು ಕಂತಿನಿಂದ ಕಂತಿಗೆ ಬದಲಾಗುತ್ತಾರೆ. ಬಂದು, ಮಾಡಿ, ಹೋಗುತ್ತಾರೆ. ಮೂರು ತಿಂಗಳ ಹಿಂದಿನ ಕಂತಿನಲ್ಲಿ ಈ ಪಾತ್ರ ಏನು ಹೇಳಿತ್ತು, ಎರಡು ಕಂತಿನ ನಂತರ ಈ ಉಂಗುರ ಏಕೆ ಬೇಕಾಗುತ್ತದೆ ಎಂಬುದನ್ನು ತಲೆಯಲ್ಲಿಟ್ಟುಕೊಂಡು ಉಳಿಯುವವರು ಬರೆಯುವವರೇ. ಸಿನಿಮಾ ನಿರ್ದೇಶಕನದಾಗಿ, ಟಿ.ವಿ. ಬರಹಗಾರನದಾದದ್ದಕ್ಕೆ ಕಾರಣ ಇಷ್ಟು ಸರಳ.

ಸೆಟ್ಟಿನಲ್ಲಿ ನಿಂತವನಿಗೆ ಕಾಸಿನ ಲೆಕ್ಕ ತಾನಾಗಿಯೇ ಬರುತ್ತದೆ. ‘ಹೊರಗೆ ಮಳೆ’ ಎಂದು ಬರೆಯುವುದು ಎರಡು ಪದ. ಸೆಟ್ಟಿನಲ್ಲಿ ಅದು ನೀರಿನ ಟ್ಯಾಂಕರ್, ಕೊಳವೆ, ಒದ್ದೆ ಬಟ್ಟೆಯ ಎರಡನೇ ಜೊತೆ, ಅರ್ಧ ದಿನ. ಮೂರನೇ ಸೀಸನ್ನಿನ ಕೊನೆಯ ಭಾಗಕ್ಕೆ ಬಂದಾಗ ‘ಬ್ರೇಕಿಂಗ್ ಬ್ಯಾಡ್’ನವರ ಕೈ ಬಿಗಿಯಾಗಿತ್ತು. ತಂಡ, ಲಾರಿ, ಜನರೇಟರುಗಳನ್ನು ಊರೆಲ್ಲ ತಿರುಗಿಸುವಷ್ಟು ದುಡ್ಡು ಉಳಿದಿರಲಿಲ್ಲ. ಹಾಗಿದ್ದರೆ ಇರುವ ಸೆಟ್ಟಿನಲ್ಲೇ, ಇರುವ ನಟರಲ್ಲೇ ಒಂದು ಕಂತು ಆಗಬೇಕು. ಹಾಗೆ ಹುಟ್ಟಿದ್ದು 2010ರ ಮೇ 23ರಂದು ಬಂದ ‘ಫ್ಲೈ’. ಬರೆದವರು ಸ್ಯಾಮ್ ಕ್ಯಾಟ್ಲಿನ್ ಮತ್ತು ಮೊಯಿರಾ ವಾಲಿ-ಬೆಕೆಟ್, ನಿರ್ದೇಶನ ರಯಾನ್ ಜಾನ್ಸನ್.

ಕಥೆ ಎಂದರೆ ಇಷ್ಟೇ: ನೆಲಮಾಳಿಗೆಯ ಲ್ಯಾಬಿನಲ್ಲಿ ಒಂದು ನೊಣ ಸೇರಿಕೊಂಡಿದೆ, ಅದು ಹೋಗುವವರೆಗೆ ಕೆಲಸ ಶುರುಮಾಡಬಾರದು ಎಂದು ವಾಲ್ಟ್ ಹಟ ಹಿಡಿದಿದ್ದಾನೆ. ಅವನ ಜೊತೆ ಕೆಲಸ ಮಾಡುವ ಜೆಸ್ಸಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ. ಸುಮ್ಮನಾಗಲಿ ಎಂದು ಅವನ ಕಾಫಿಗೆ ನಿದ್ದೆ ಮಾತ್ರೆ ಹಾಕುತ್ತಾನೆ. ಮಂಪರಿನಲ್ಲಿ ವಾಲ್ಟ್ ಮಾತಾಡತೊಡಗುತ್ತಾನೆ. ತಾನು ಯಾವ ರಾತ್ರಿ ಸತ್ತಿದ್ದರೆ ಚೆನ್ನಾಗಿತ್ತು ಎಂದು ಲೆಕ್ಕ ಹಾಕುತ್ತಾನೆ. ಜೆಸ್ಸಿ ಪ್ರೀತಿಸಿದ ಹುಡುಗಿಯ ಸಾವನ್ನು ತಾನು ಪಕ್ಕದಲ್ಲೇ ನಿಂತು ನೋಡಿದೆ, ತಡೆಯಲಿಲ್ಲ ಎಂಬ ಗುಟ್ಟು ಅವನ ನಾಲಗೆಯ ತುದಿಗೆ ಬರುತ್ತದೆ. ಜೆಸ್ಸಿ ಆ ಹೊತ್ತಿನಲ್ಲಿ ಏಣಿಯ ಮೇಲೆ, ಬೆನ್ನು ತಿರುಗಿಸಿ, ನೊಣ ಹೊಡೆಯಲು ಕೈ ಚಾಚಿದ್ದಾನೆ. ‘ಸಾರಿ’ ಎಂಬ ಮಾತು ಬರುತ್ತದೆ. ಅದರ ಹಿಂದಿನ ಸತ್ಯ ಬರುವುದಿಲ್ಲ. ದುಡ್ಡಿದ್ದಿದ್ದರೆ ಆ ವಾರ ಒಂದು ಗುಂಡಿನ ಕಾಳಗವೋ ಕಾರಿನ ಬೆನ್ನಟ್ಟುವಿಕೆಯೋ ಬರುತ್ತಿತ್ತು, ಮರೆತೂ ಹೋಗುತ್ತಿತ್ತು. ಏನೂ ನಡೆಯುವುದಿಲ್ಲವೆಂದು ಆಗ ಬೈದವರೂ ಬಹಳ ಜನ. ಇಡೀ ಧಾರಾವಾಹಿಯಲ್ಲಿ ನನಗೆ ಬಹಳ ಇಷ್ಟದ ಕಂತು ಇದು.

ಆಲ್ಬುಕರ್ಕಿಯೂ ಇಂಥದೇ ಲೆಕ್ಕದಿಂದ ಬಂದದ್ದು. ಮೊದಲ ಚಿತ್ರಕಥೆಯಲ್ಲಿ ಕಥೆ ನಡೆಯುತ್ತಿದ್ದದ್ದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ. ನ್ಯೂ ಮೆಕ್ಸಿಕೋದಲ್ಲಿ ಚಿತ್ರೀಕರಿಸಿದರೆ ಅಲ್ಲಿ ಖರ್ಚು ಮಾಡಿದ್ದರಲ್ಲಿ ಶೇಕಡ 25ರಷ್ಟನ್ನು ಸರ್ಕಾರ ವಾಪಸು ಕೊಡುತ್ತಿತ್ತು. ಗಿಲ್ಲಿಗನ್ ಕಥೆಯನ್ನೇ ಅಲ್ಲಿಗೆ ಎತ್ತಿಕೊಂಡು ಹೋದರು. ಆ ಮರುಭೂಮಿ, ಆ ದೊಡ್ಡ ಆಕಾಶ, ಅದರ ಕೆಳಗೆ ನಿಂತ ಲಟಾರಿ ವ್ಯಾನು ಇಲ್ಲದ ‘ಬ್ರೇಕಿಂಗ್ ಬ್ಯಾಡ್’ ಈಗ ಕಲ್ಪನೆಗೂ ಬಾರದು. ಜೆಸ್ಸಿಯ ಪಾತ್ರವನ್ನು ಮೊದಲ ಸೀಸನ್ನಿನಲ್ಲೇ ಸಾಯಿಸುವ ಯೋಚನೆಯಿತ್ತು. ಆರನ್ ಪಾಲ್ ಮಾಡುವುದನ್ನು ನೋಡಿ ಕೈಬಿಟ್ಟರು. ನಟನನ್ನು ಕಾಗದದ ಮೇಲೆ ಮಾತ್ರ ಬಲ್ಲ ಬರಹಗಾರನಿಗೆ ಈ ಬುದ್ಧಿ ಹೊಳೆಯುತ್ತಿರಲಿಲ್ಲ.

ಗಿಲ್ಲಿಗನ್ ಹುಟ್ಟಿದ್ದು 1967ರಲ್ಲಿ, ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದಿದರು. 1989ರಲ್ಲಿ ತಮ್ಮ ರಾಜ್ಯದ ಚಿತ್ರಕಥೆ ಸ್ಪರ್ಧೆಯಲ್ಲಿ ಗೆದ್ದರು. ತೀರ್ಪುಗಾರರಲ್ಲಿ ‘ರೇನ್ ಮ್ಯಾನ್’ ಚಿತ್ರದ ನಿರ್ಮಾಪಕ ಮಾರ್ಕ್ ಜಾನ್ಸನ್ ಇದ್ದರು. ಮುಂದೆ ‘ಬ್ರೇಕಿಂಗ್ ಬ್ಯಾಡ್’ ನಿರ್ಮಾಪಕರಲ್ಲಿ ಅವರೂ ಒಬ್ಬರು. ನಡುವೆ ಏಳೆಂಟು ವರ್ಷ ಗಿಲ್ಲಿಗನ್ ಪಳಗಿದ್ದು ಕ್ರಿಸ್ ಕಾರ್ಟರ್ ಅವರ ‘ದಿ ಎಕ್ಸ್-ಫೈಲ್ಸ್’ ಗರಡಿಯಲ್ಲಿ. 1995ರಲ್ಲಿ ಹೊರಗಿನವರಾಗಿ ಒಂದು ಕಂತು ಬರೆದುಕೊಟ್ಟು, ಆಮೇಲೆ ಒಳಗೇ ಸೇರಿ, ಒಂಟಿಯಾಗಿಯೂ ಜೊತೆಯಾಗಿಯೂ ಸುಮಾರು 30 ಕಂತು ಬರೆದರು. ಬರೆದ ಕಂತಿನ ನಟರ ಆಯ್ಕೆ, ಸೆಟ್ಟು, ಸಂಕಲನ, ಶಬ್ದ ಎಲ್ಲದರ ಹಿಂದೆ ಬರೆದವರೇ ಓಡಾಡಬೇಕೆಂಬ ಪಾಠ ಸಿಕ್ಕಿದ್ದು ಅಲ್ಲಿ. 1998ರಲ್ಲಿ ಅವರು ಬರೆದ ‘ಡ್ರೈವ್’ ಎಂಬ ಕಂತಿಗೆ ಒಬ್ಬ ಅಸಹ್ಯ ಹುಟ್ಟಿಸುವ ಮನುಷ್ಯ ಬೇಕಿತ್ತು; ಆದರೆ ಅವನು ಸಾಯುವಾಗ ನಮಗೆ ಅಯ್ಯೋ ಅನಿಸಬೇಕಿತ್ತು. ಆ ಪಾತ್ರಕ್ಕೆ ಸಿಕ್ಕಿದವರು ಬ್ರಯನ್ ಕ್ರಾನ್‌ಸ್ಟನ್. ಕೆಲವು ವರ್ಷದ ಮೇಲೆ, ಹಾಸ್ಯ ಧಾರಾವಾಹಿಯ ಪೆದ್ದ ಅಪ್ಪನೆಂದೇ ಹೆಸರಾಗಿದ್ದ ಕ್ರಾನ್‌ಸ್ಟನ್‌ರನ್ನು ವಾಲ್ಟರ್ ವೈಟ್ ಮಾಡುತ್ತೇನೆ ಎಂದಾಗ ವಾಹಿನಿಯವರು ಹುಬ್ಬು ಗಂಟಿಕ್ಕಿದರು. ಗಿಲ್ಲಿಗನ್ ವಾದ ಮಾಡಲಿಲ್ಲ, ‘ಡ್ರೈವ್’ ತೋರಿಸಿದರು.

ನಡುವಿನ ಸೋಲುಗಳೂ ಇವೆ. ‘ದಿ ಲೋನ್ ಗನ್‌ಮೆನ್’ ಎಂಬ ಧಾರಾವಾಹಿ 2001ರಲ್ಲಿ 13 ಕಂತಿಗೇ ನಿಂತಿತು. ಮರುವರ್ಷ ‘ಎಕ್ಸ್-ಫೈಲ್ಸ್’ ಕೂಡ ಮುಗಿಯಿತು. ಕೆಲಸವಿಲ್ಲದ ದಿನಗಳಲ್ಲಿ ಗೆಳೆಯ ಥಾಮಸ್ ಷ್ನೌಜ್ ಜೊತೆ ಫೋನಿನಲ್ಲಿ ಮುಂದೇನು ಮಾಡೋಣ ಎಂದು ಹರಟುವಾಗ, ವ್ಯಾನಿನ ಹಿಂದೆ ಲ್ಯಾಬು ಇಟ್ಟುಕೊಂಡು ಮಾದಕವಸ್ತು ತಯಾರಿಸೋಣ ಎಂಬ ತಮಾಷೆ ಬಂತು. ಅದೇ ಬೀಜ. ಒಂದು ವಾಹಿನಿ ಕೊಂಡು ಕೈಬಿಟ್ಟ ಮೇಲೆ ಅದು ಎಎಂಸಿಗೆ ಬಂದು, 2008ರ ಜನವರಿ 20ರಂದು ಪ್ರಸಾರ ಶುರುವಾಯಿತು. ಐದು ಸೀಸನ್ನಿನಲ್ಲಿ 62 ಕಂತು.

ಬರೆಯುವವನು ನಿರ್ಮಾಪಕನೂ ಆಗಬೇಕೆಂಬ ಹಟಕ್ಕೆ ಇದಕ್ಕಿಂತ ಹಳೆಯ ಬೇರಿದೆ. 1950ರ ದಶಕದಲ್ಲಿ ನಾಟಕಗಳು ನೇರ ಪ್ರಸಾರವಾಗುತ್ತಿದ್ದಾಗ ರಾಡ್ ಸರ್ಲಿಂಗ್ ದೊಡ್ಡ ಹೆಸರು. 1955ರ ಜನವರಿಯಲ್ಲಿ ಬಂದ ಅವರ ‘ಪ್ಯಾಟರ್ನ್ಸ್’ ಎಷ್ಟು ಮೆಚ್ಚುಗೆ ಪಡೆಯಿತೆಂದರೆ ಮರುತಿಂಗಳು ನಟರನ್ನು ಮತ್ತೆ ಸೇರಿಸಿ ಇನ್ನೊಮ್ಮೆ ನೇರ ಪ್ರಸಾರ ಮಾಡಬೇಕಾಯಿತು. ಅದೇ ವರ್ಷ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದರು, ಕೊಂದವರು ಖುಲಾಸೆಯಾದರು. ಸರ್ಲಿಂಗ್ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ನಾಟಕ ಬರೆದರು. ಪ್ರಾಯೋಜಕರಿಗೆ ದಿಗಿಲಾಯಿತು. ಸತ್ತವನು ಕಪ್ಪು ಹುಡುಗನಾಗಿ ಉಳಿಯಲಿಲ್ಲ, ಊರನ್ನು ದಕ್ಷಿಣದಿಂದ ಕಿತ್ತು ನ್ಯೂ ಇಂಗ್ಲೆಂಡಿಗೆ ಒಯ್ದರು. ಕೊನೆಗೆ ಉಳಿದದ್ದರಲ್ಲಿ ಬರೆದವರ ಹೆಸರು ಬಿಟ್ಟು ಬೇರೇನೂ ಅವರದಾಗಿರಲಿಲ್ಲ. 1959ರಲ್ಲಿ ಸರ್ಲಿಂಗ್ ತಮ್ಮದೇ ಸಂಸ್ಥೆ ಕಟ್ಟಿ ‘ದಿ ಟ್ವಿಲೈಟ್ ಝೋನ್’ ಶುರುಮಾಡಿದರು. ಬಣ್ಣಭೇದದ ಮಾತನ್ನು ನೆರೆಮನೆಯವರ ಬಾಯಲ್ಲಿ ಇಟ್ಟರೆ ಕತ್ತರಿ ಹಾಕುವವರು, ಬೇರೆ ಗ್ರಹದವರ ಬಾಯಲ್ಲಿ ಇಟ್ಟರೆ ಸುಮ್ಮನಿರುತ್ತಾರೆ ಎಂಬುದು ಅವರಿಗೆ ಅರ್ಥವಾಗಿತ್ತು. 1964ರವರೆಗೆ ಬಂದ 156 ಕಂತುಗಳಲ್ಲಿ 92 ಅವರೇ ಬರೆದವು. ಆ ವೇಗಕ್ಕೆ ಮೈ ತೆತ್ತರು ಎನ್ನಬೇಕೋ ಏನೋ. 1975ರಲ್ಲಿ, ಐವತ್ತರ ವಯಸ್ಸಿನಲ್ಲೇ ತೀರಿಕೊಂಡರು.

ಸರ್ಲಿಂಗ್ ಒಂಟಿಯಾಗಿ ಹೊತ್ತದ್ದನ್ನು ಮುಂದಿನವರು ಕೋಣೆ ತುಂಬ ಜನರಿಗೆ ಹಂಚಿದರು. ಹಂಚಿಕೊಂಡದ್ದರಿಂದ ಏನು ಸಿಗುತ್ತದೆ ಎಂಬುದಕ್ಕೆ, ಓಡಾಟದ ಹುಡುಗನಾಗಿ ಬಂದ ಗಾರ್ಡನ್ ಸ್ಮಿತ್ ‘ಬೆಟರ್ ಕಾಲ್ ಸಾಲ್’ಗೆ ಬರೆದ ‘ಚಿಕೇನರಿ’ ಎಂಬ ಕಂತನ್ನು ನೋಡಬೇಕು. 2017ರ ಮೇ ತಿಂಗಳಲ್ಲಿ ಬಂದದ್ದು. ಇಡೀ ಕಂತಿನ ಜೀವ ವಕೀಲರ ಶಿಸ್ತು ಸಮಿತಿಯ ಒಂದು ವಿಚಾರಣೆ. ಅಣ್ಣ ಚಕ್ ಹೆಸರುವಾಸಿ ವಕೀಲ. ವಿದ್ಯುತ್ ಹತ್ತಿರ ಬಂದರೆ ಮೈ ಉರಿಯುತ್ತದೆ ಎಂದು ನಂಬಿದವನು. ತಮ್ಮ ಜಿಮ್ಮಿ, ಅವನೂ ವಕೀಲ, ಆರೋಪಿಯ ಸ್ಥಾನದಲ್ಲಿ. ಚಕ್ ಸಾಕ್ಷಿ ಹೇಳುವ ಮೊದಲು ಮೆಟ್ಟಿಲ ಮೇಲೆ ಒಬ್ಬ ದಢೂತಿ ಮನುಷ್ಯ ಅವನ ಮೈಗೆ ತಾಗಿ, ಕ್ಷಮಿಸಿ ಎಂದು ಹೋಗುತ್ತಾನೆ. ಎರಡು ಸೆಕೆಂಡಿನ ಮಾತು, ನಾವು ಮರೆಯುತ್ತೇವೆ. ಪಾಟೀಸವಾಲಿನಲ್ಲಿ ಜಿಮ್ಮಿ ತನ್ನ ಜೇಬಿನಿಂದ ಫೋನ್ ತೆಗೆಯುತ್ತಾನೆ. ಚಕ್ ನಗುತ್ತಾನೆ: ಅದರಲ್ಲಿ ಬ್ಯಾಟರಿ ಇಲ್ಲ, ನನಗೆ ತಿಳಿಯುವುದಿಲ್ಲವೇ? ಜಿಮ್ಮಿ ಹೇಳುತ್ತಾನೆ: ಹೌದು ಇಲ್ಲ, ಬ್ಯಾಟರಿ ನಿನ್ನ ಎದೆಯ ಜೇಬಿನಲ್ಲಿದೆ, ಆಗಿನಿಂದಲೂ ಇದೆ. ಅಲ್ಲಿಂದ ಮುಂದೆ ಚಕ್ ಒಡೆದು ಹೋಗುವ ಮಾತುಗಳು, ವರ್ಷಗಳ ಅಸೂಯೆಯೆಲ್ಲ ಒಂದೇ ಉಸಿರಿನಲ್ಲಿ. ಟಿ.ಎನ್. ಸೀತಾರಾಂ ಅವರ ಕೋರ್ಟ್ ದೃಶ್ಯಗಳಿಗಾಗಿ ಸಂಜೆಯ ಕೆಲಸ ಬೇಗ ಮುಗಿಸಿಕೊಂಡು ಟಿ.ವಿ. ಮುಂದೆ ಕೂತ ಕನ್ನಡಿಗರಿಗೆ ಈ ರುಚಿ ಗೊತ್ತೇ ಇದೆ. ಮೆಟ್ಟಿಲ ಮೇಲಿನ ಆ ಎರಡು ಸೆಕೆಂಡು ಮಾತ್ರ ಸೆಟ್ಟು, ಸಂಕಲನ ಬಲ್ಲವನ ಕೈಚಳಕ. ಎದ್ದು ಕಂಡರೆ ಗುಟ್ಟು ರಟ್ಟು, ಕಾಣದೆ ಹೋದರೆ ಮೋಸ.

ಇಂಥ ಗರಡಿಯೂ ಇತ್ತೀಚೆಗೆ ಮುಚ್ಚುವ ಹಂತಕ್ಕೆ ಬಂದಿತ್ತು. ಒಟಿಟಿ ಕಂಪನಿಗಳು ಬಂದ ಮೇಲೆ ಸೀಸನ್ನಿಗೆ ಎಂಟೋ ಹತ್ತೋ ಕಂತು ಸಾಕಾಯಿತು. ಚಿತ್ರೀಕರಣಕ್ಕೆ ಬಹಳ ಮೊದಲೇ ನಾಲ್ಕು ಜನರನ್ನು ಕೆಲವು ವಾರ ಕೂಡಿಸಿ, ಎಲ್ಲ ಕಂತು ಬರೆಸಿಕೊಂಡು ಮನೆಗೆ ಕಳಿಸುವ ‘ಮಿನಿ ರೂಮ್’ ಬಂತು. ಬರೆದವನಿಗೆ ಸೆಟ್ಟಿನ ಮುಖವೇ ಕಾಣದು. ಕೆಲವೇ ವರ್ಷಗಳಲ್ಲಿ ತೊಂದರೆ ಕಂಡಿತು: ಪ್ರೊಡ್ಯೂಸರ್ ಎಂಬ ಪದವಿ ಇದೆ, ಒಂದು ದಿನದ ಚಿತ್ರೀಕರಣ ನಡೆಸಿದ ಅನುಭವವಿಲ್ಲ. 2023ರ ಮೇ 2ರಂದು ಬರಹಗಾರರ ಸಂಘ ಮುಷ್ಕರ ಹೂಡಿದ್ದಕ್ಕೆ ಸಂಬಳದ ಜೊತೆಗೆ ಇದೂ ಒಂದು ಕಾರಣ. 148 ದಿನ ನಡೆದ ಮುಷ್ಕರ ಸೆಪ್ಟೆಂಬರ್ 27ರಂದು ನಿಂತಿತು. ಒಪ್ಪಂದದ ಪ್ರಕಾರ ಆರು ಕಂತಿನವರೆಗಿನ ಸೀಸನ್ನಿಗೆ ಕನಿಷ್ಠ ಮೂವರು, ಏಳರಿಂದ ಹನ್ನೆರಡು ಕಂತಿಗೆ ಐವರು, ಅದಕ್ಕೂ ಮೇಲೆ ಆರು ಜನ ಬರಹಗಾರರಿರಬೇಕು. ಚಿತ್ರೀಕರಣದ ಅವಧಿಯಲ್ಲೂ ಕೆಲವರನ್ನು ಉಳಿಸಿಕೊಳ್ಳಬೇಕು. ಪತ್ರಿಕೆಗಳು ಕೃತಕ ಬುದ್ಧಿಮತ್ತೆಯ ಷರತ್ತುಗಳ ಬಗ್ಗೆ ಹೆಚ್ಚು ಬರೆದವು. ಈ ಕಸುಬು ಉಳಿಯುವುದಕ್ಕೆ ಈ ಮೂರು, ಐದು, ಆರರ ಲೆಕ್ಕವೇ ದೊಡ್ಡದು.

ಇದನ್ನೆಲ್ಲ ನಮ್ಮ ಕನ್ನಡ ಧಾರಾವಾಹಿಗೆ ಹಾಗೆಯೇ ಹೊಂದಿಸಲಾಗದು. ದಿನಕ್ಕೆ ಇಪ್ಪತ್ತೆರಡು ನಿಮಿಷ, ವಾರಕ್ಕೆ ಐದಾರು ದಿನ. ‘ಬ್ರೇಕಿಂಗ್ ಬ್ಯಾಡ್’ ಒಂದು ಸೀಸನ್ನಿನಲ್ಲಿ ತೋರಿಸಿದಷ್ಟು ನಿಮಿಷಗಳನ್ನು ನಮ್ಮವರು ಒಂದು ತಿಂಗಳು ಚಿಲ್ಲರೆ ದಿನಗಳಲ್ಲಿ ತೋರಿಸಿ ಮುಗಿಸುತ್ತಾರೆ. ಗುರುವಾರದ ಟಿಆರ್‌ಪಿ ನೋಡಿ ಕಥೆಯ ಟ್ರ್ಯಾಕ್ ಬದಲಾಗುತ್ತದೆ, ಮುಂಚೆಯೇ ಚಿತ್ರೀಕರಿಸಿಟ್ಟ ಕಂತುಗಳ ‘ಬ್ಯಾಂಕಿಂಗ್’ ಕರಗಿದ ದಿನ ಮೇಕಪ್ ಆದ ಮೇಲೂ ಸೀನ್ ಪೇಪರ್‌ಗೆ ಕಾಯುತ್ತಾರೆ. ಇಂಥ ಓಟದಲ್ಲಿ ಕಾರ್ಡು ಚುಚ್ಚಿ ವಾರಗಟ್ಟಲೆ ಯೋಚಿಸಿ ಎನ್ನುವುದು ಕುಹಕವಾದೀತು. ನಮ್ಮ ಸಂಭಾಷಣೆಕಾರರು ತಿಂಗಳಿಗೆ ಬರೆಯುವ ಪುಟಗಳನ್ನು ಕಂಡರೆ ಬರ್ಬ್ಯಾಂಕಿನವರು ಕೈಮುಗಿದಾರು.

ಆದರೆ ಬರೆಯುವವರು ಸೆಟ್ಟಿನಲ್ಲಿರಬೇಕೆಂಬ ಮಾತು ನಮಗೆ ಪರದೇಶದಿಂದ ಬರಬೇಕಾದ್ದಲ್ಲ. 1990ರ ದಶಕದ ಕೊನೆಗೆ ಚಂದನ ವಾಹಿನಿಯಲ್ಲಿ ‘ಮಾಯಾಮೃಗ’ ಬಂದಾಗ, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜೊತೆ ಅದನ್ನು ಕಟ್ಟಿದ ಸೀತಾರಾಂ ನಾಟಕಕಾರರು, ವಕೀಲಿಕೆ ಬಲ್ಲವರು. ಮುಂದೆ ‘ಮನ್ವಂತರ’, ‘ಮುಕ್ತ’ಗಳಲ್ಲಿ ಬರೆದರು, ನಿರ್ದೇಶಿಸಿದರು, ಕರಿ ಕೋಟು ಹಾಕಿಕೊಂಡು ಸಿ.ಎಸ್.ಪಿ. ಎಂಬ ವಕೀಲನಾಗಿ ಪಾಟೀಸವಾಲನ್ನೂ ಮಾಡಿದರು. ಆ ದೃಶ್ಯಗಳ ಮಾತು ಇವತ್ತಿಗೂ ಜನರ ನೆನಪಿನಲ್ಲಿರುವುದಕ್ಕೆ, ಬರೆದವರೇ ಆ ಮಾತಿನ ಮುಂದೆ ನಿಂತಿದ್ದದ್ದು ಕಾರಣ.

ಈಗ ಬರೆಯುತ್ತಿರುವ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಜನ ಮನೆಯಿಂದ ಸೀನು ಕಳಿಸಿ, ಅದು ಏನಾಯಿತೆಂದು ಟಿ.ವಿ.ಯಲ್ಲಿ ನೋಡಿ ತಿಳಿಯುವವರು. ನಿರ್ಮಾಣ ಸಂಸ್ಥೆಯವರಲ್ಲಿ ಒಂದು ವಿನಂತಿ: ಅವರನ್ನು ವಾರಕ್ಕೊಂದು ದಿನ ಸೆಟ್ಟಿಗೆ, ಇನ್ನೊಂದು ದಿನ ಎಡಿಟಿಂಗಿಗೆ ಕರೆಸಿಕೊಳ್ಳಿ, ಆ ದಿನದ ಸಂಭಾವನೆಯನ್ನೂ ಕೊಡಿ. ಪ್ರೊಡಕ್ಷನ್ ಮ್ಯಾನೇಜರ್ ಪಕ್ಕ ಕೂಡಿಸಿ ಅವತ್ತಿನ ಖರ್ಚಿನ ಪಟ್ಟಿಯನ್ನೂ ತೋರಿಸಿ.